ಸಾಪೇಕ್ಷತೆಯನ್ನು ಸೇರಿಸಿದರೂ ಚಿನ್ನದ ಲೆಕ್ಕ ಕೂಡಿಬರದಿರುವುದೇಕೆ?

ಪ್ರಶ್ನೆ: ನಾನು ನೀರ್ಚಾಲಿನವಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗಾಗಿ ಒಂದು ಚಿನ್ನ ಮತ್ತು ಒಂದು ಹೈಡ್ರೋಜನ್ ಇರುವ ಗೋಲ್ಡ್ ಹೈಡ್ರೈಡ್ ಅಣುವಿನ ಬಂಧದ ಉದ್ದವನ್ನು ಹಾರ್ಟ್ರೀ–ಫಾಕ್ ವಿಧಾನದಲ್ಲಿ ಲೆಕ್ಕ ಹಾಕಿದೆ. ಸಾಪೇಕ್ಷತೆ (ಬೆಳಕಿನ ವೇಗಕ್ಕೆ ಸಮೀಪಿಸುವ ಎಲೆಕ್ಟ್ರಾನ್‌ಗಳಿಗೆ ಬೇಕಾಗುವ ಐನ್‌ಸ್ಟೈನ್ ಸಿದ್ಧಾಂತದ ತಿದ್ದುಪಡಿ) ಇಲ್ಲದೆ 1.83 ಆಂಗ್‌ಸ್ಟ್ರಾಮ್ ಬಂತು. ಸಾಪೇಕ್ಷತೆ ಸೇರಿಸಿದಾಗ 1.57 ಬಂತು. ಪ್ರಯೋಗದಲ್ಲಿ ಅಳೆದದ್ದು 1.52. ಸಾಪೇಕ್ಷತೆ ಸೇರಿಸಿದ ಮೇಲೂ 0.05ರ ವ್ಯತ್ಯಾಸ ಉಳಿದಿರುವುದೇಕೆ? ಒಳಗಿನ ಎಲೆಕ್ಟ್ರಾನ್‌ಗಳ ಬದಲು ಒಂದು ಸಿದ್ಧ ವಿಭವವನ್ನು ಇಡುವ ಸ್ಯೂಡೋಪೊಟೆನ್ಷಿಯಲ್ ಸಾಕೆಂದು ಗೈಡ್ ಹೇಳುತ್ತಾರೆ. ಸಾಪೇಕ್ಷತೆಯ ಎಲೆಕ್ಟ್ರಾನ್ ಸಮೀಕರಣವನ್ನೇ ಬಿಡಿಸುವ ನಾಲ್ಕು ಘಟಕಗಳ ಡಿರಾಕ್ ಲೆಕ್ಕ ಮಾತ್ರ ನಿಖರವೆಂದು ಗೆಳತಿ ಹೇಳುತ್ತಾಳೆ. ಮುಂದೆ ಬ್ರೋಮಿನ್, ಅಯೋಡಿನ್ ಸಂಯುಕ್ತಗಳನ್ನೂ ಮಾಡಬೇಕಿದೆ. ಅವಕ್ಕೂ ಇದೆಲ್ಲ ಬೇಕೇ? ನಮ್ಮಲ್ಲಿರುವುದು ಒಂದು ಸಾಧಾರಣ ಕಂಪ್ಯೂಟರ್.

ಉತ್ತರ: ನೀವು ಕೊಟ್ಟಿರುವ ಮೂರು ಅಂಕಿಗಳಲ್ಲಿಯೇ ಉತ್ತರದ ಮುಕ್ಕಾಲು ಪಾಲು ಅಡಗಿದೆ. ಉಳಿದ 0.05 ಆಂಗ್‌ಸ್ಟ್ರಾಮ್ ಸಾಪೇಕ್ಷತೆಯ ಖಾತೆಗೆ ಸೇರಿದ ತಪ್ಪಲ್ಲ. ಹಾರ್ಟ್ರೀ–ಫಾಕ್ ವಿಧಾನದಲ್ಲಿ ಪ್ರತಿಯೊಂದು ಎಲೆಕ್ಟ್ರಾನೂ ಉಳಿದವುಗಳ ಸರಾಸರಿ ಹರಹನ್ನಷ್ಟೇ ಕಾಣುತ್ತದೆ. ಒಂದು ಹತ್ತಿರ ಬಂದಾಗ ಇನ್ನೊಂದು ಸರಿದು ದಾರಿ ಬಿಡುವ ವ್ಯವಹಾರ, ಅಂದರೆ ಎಲೆಕ್ಟ್ರಾನ್‌ಗಳ ಸಹಸಂಬಂಧ, ಅದರಲ್ಲಿ ಇಲ್ಲ. ಚಿನ್ನದ ಹತ್ತು 5ಡಿ ಎಲೆಕ್ಟ್ರಾನ್‌ಗಳು ಬಂಧದ ಮಗ್ಗುಲಲ್ಲಿಯೇ ಕಿಕ್ಕಿರಿದಿರುವುದರಿಂದ ಈ ಕೊರತೆ ಅಲ್ಲಿ ಎದ್ದು ಕಾಣುತ್ತದೆ. ಸಾಪೇಕ್ಷತೆಯ ಭಾಗವನ್ನು ಈಗಿರುವಂತೆಯೇ ಇಟ್ಟು, ಹಾರ್ಟ್ರೀ–ಫಾಕ್ ಬದಲಿಗೆ ಸಹಸಂಬಂಧವನ್ನೂ ಎಣಿಸುವ ಕಪಲ್ಡ್ ಕ್ಲಸ್ಟರ್ ವಿಧಾನವನ್ನು ಒಳ್ಳೆಯ ಬೇಸಿಸ್ ಸೆಟ್ಟಿನೊಂದಿಗೆ (ಎಲೆಕ್ಟ್ರಾನ್‌ಗಳ ಹರಹನ್ನು ಕಟ್ಟಲು ಬಳಸುವ ಗಣಿತದ ಫಲನಗಳ ಗುಂಪು) ಬಳಸಿ ನೋಡಿ, ಬಂಧ 1.52ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 1.83ರಿಂದ 1.57 ಕಳೆದು, ಸಾಪೇಕ್ಷತೆಯ ಪರಿಣಾಮ 0.26 ಎಂದು ಬರೆದಿಟ್ಟು, ಸಹಸಂಬಂಧದ ಪರಿಣಾಮವನ್ನು ಬೇರೆಯಾಗಿ ಲೆಕ್ಕ ಹಾಕಿ, ಎರಡನ್ನೂ ಕೂಡಿಸಿದರಾಯಿತು ಎಂದು ತೋರಬಹುದು. ಹಾಗೆ ಆಗುವುದಿಲ್ಲ. ಸಾಪೇಕ್ಷತೆ ಇಲ್ಲದ ಚಿನ್ನದಲ್ಲಿ ಬಂಧ ಸಡಿಲವಾಗಿರುವುದರಿಂದ ಸಹಸಂಬಂಧ ಅದನ್ನು ಹೆಚ್ಚು ಎಳೆದು ಕುಗ್ಗಿಸುತ್ತದೆ. ಸಾಪೇಕ್ಷತೆಯಿಂದ ಮೊದಲೇ ಬಿಗಿದುಕೊಂಡ ಬಂಧವನ್ನು ಅಷ್ಟು ಎಳೆಯಲಾರದು. ಆದ್ದರಿಂದ ಸಹಸಂಬಂಧ ಸೇರಿದ ಲೆಕ್ಕದಲ್ಲಿ ಸಾಪೇಕ್ಷತೆಯ ಪಾಲು 0.26ಕ್ಕಿಂತ ಕಡಿಮೆ ಬರುತ್ತದೆ. ಭಾರದ ಪರಮಾಣುಗಳಲ್ಲಿ ಇವೆರಡನ್ನು ಬೇರೆ ಬೇರೆ ಬುಟ್ಟಿಗಳಲ್ಲಿ ಇಟ್ಟು ಎಣಿಸಲು ಬರುವುದಿಲ್ಲ.

ಸಾಪೇಕ್ಷತೆ ಚಿನ್ನಕ್ಕೆ ಎಷ್ಟರಮಟ್ಟಿಗೆ ಬೇಕು ಎಂಬುದನ್ನು ಕಂಪ್ಯೂಟರ್ ಇಲ್ಲದೆಯೂ ಅಂದಾಜು ಮಾಡಬಹುದು. ಪರಮಾಣು ಏಕಮಾನಗಳಲ್ಲಿ ಬೆಳಕಿನ ವೇಗ ಸುಮಾರು 137. ಅತ್ಯಂತ ಒಳಗಿನ 1ಎಸ್ ಎಲೆಕ್ಟ್ರಾನಿನ ಸರಾಸರಿ ವೇಗ ಹೆಚ್ಚುಕಡಿಮೆ ಪರಮಾಣು ಸಂಖ್ಯೆಯಷ್ಟೇ. ಚಿನ್ನಕ್ಕೆ ಅದು 79, ಅಂದರೆ ಬೆಳಕಿನ ವೇಗದ ಸುಮಾರು 58 ಶೇಕಡಾ. ಈ ವೇಗದಲ್ಲಿ ಎಲೆಕ್ಟ್ರಾನಿನ ಜಡತ್ವ ಸುಮಾರು 22 ಶೇಕಡಾ ಹೆಚ್ಚಿದಂತೆ ಆಗಿ, ಕಕ್ಷಕದ, ಅಂದರೆ ಎಲೆಕ್ಟ್ರಾನ್ ಹರಡಿಕೊಂಡಿರುವ ಜಾಗದ, ತ್ರಿಜ್ಯ ಸುಮಾರು 18 ಶೇಕಡಾ ಕುಗ್ಗುತ್ತದೆ. ಹೊರಗಿನ 6ಎಸ್ ಎಲೆಕ್ಟ್ರಾನ್ ಕೂಡ ನ್ಯೂಕ್ಲಿಯಸ್ಸಿನ ಸಮೀಪಕ್ಕೆ ನುಗ್ಗಿ ಬರುವ ಸ್ವಭಾವದ್ದಾದ್ದರಿಂದ ಅದೂ ಕುಗ್ಗಿ ಬಿಗಿಯಾಗುತ್ತದೆ. ಕುಗ್ಗಿದ ಎಸ್ ಮತ್ತು ಪಿ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸನ್ನು ಇನ್ನಷ್ಟು ಮರೆಮಾಡುವುದರಿಂದ 5ಡಿ ಕಕ್ಷಕಗಳು ಮಾತ್ರ ತುಸು ಹಿಗ್ಗಿ ಮೇಲೇಳುತ್ತವೆ. ಹೀಗೆ 5ಡಿ ಮತ್ತು 6ಎಸ್ ನಡುವಿನ ಅಂತರ ಕಿರಿದಾಗಿ, ಚಿನ್ನ ನೀಲಿ ಬೆಳಕನ್ನು ಹೀರಿಕೊಂಡು ಹಳದಿಯಾಗಿ ಕಾಣುತ್ತದೆ. ಬೆಳ್ಳಿಯಲ್ಲಿ ಇದೇ ಹೀರಿಕೆ ಅತಿನೇರಳೆಯಲ್ಲಿ ನಡೆಯುವುದರಿಂದ ಅದು ಬಿಳಿಯಾಗಿಯೇ ಉಳಿಯುತ್ತದೆ. ಆರನೆಯ ಆವರ್ತದಲ್ಲಿ 6ಎಸ್ ಕುಗ್ಗುವಿಕೆ ಚಿನ್ನದಲ್ಲಿಯೇ ಶಿಖರ ಮುಟ್ಟುತ್ತದೆ. ನಿಮ್ಮ ಗೈಡ್ ನಿಮಗೆ ಕೊಟ್ಟಿರುವುದು ಈ ವಿಷಯದ ಅತ್ಯಂತ ಕಠಿಣ ಉದಾಹರಣೆಗಳಲ್ಲೊಂದು.

ಕಕ್ಷಕ ಕುಗ್ಗಿತು, ಆದ್ದರಿಂದ ಬಂಧ ಕುಗ್ಗಿತು ಎಂದು ವರದಿಯಲ್ಲಿ ಬರೆಯುವ ಮೊದಲು ಒಂದು ಕ್ಷಣ ತಡೆಯಿರಿ. 1980ರ ಸುಮಾರಿಗೆ ಝೀಗ್ಲರ್, ಸ್ನೈಡರ್ಸ್ ಮತ್ತು ಬಾರೆಂಡ್ಸ್ ಅವರು, ಕಕ್ಷಕಗಳನ್ನು ಸಾಪೇಕ್ಷತೆ ಇಲ್ಲದ ಆಕಾರದಲ್ಲಿಯೇ ಇರಿಸಿ ಶಕ್ತಿಯಲ್ಲಿ ಮಾತ್ರ ಸಾಪೇಕ್ಷತೆಯ ತಿದ್ದುಪಡಿ ಮಾಡಿದರೂ ಬಂಧ ಕುಗ್ಗುತ್ತದೆಂದು ತೋರಿಸಿದರು. ಎರಡೂ ಒಟ್ಟಿಗೆ ನಡೆಯುತ್ತವೆ, ಆದರೆ ಒಂದು ಇನ್ನೊಂದಕ್ಕೆ ಕಾರಣವಾಗಲೇಬೇಕೆಂದಿಲ್ಲ. ಪಠ್ಯಗಳಲ್ಲಿ ಇಂದಿಗೂ ಸುಲಭದ ವಿವರಣೆಯೇ ಓಡಾಡುತ್ತಿದೆ.

ರಸಾಯನಶಾಸ್ತ್ರಜ್ಞರು ಈ ಕಡೆಗೆ ಗಮನ ಕೊಡಲು ತಡವಾದದ್ದಕ್ಕೆ ಕಾರಣವೂ ಉಂಟು. 1928ರಲ್ಲಿ ಸಾಪೇಕ್ಷತೆಗೆ ಒಪ್ಪುವ ಎಲೆಕ್ಟ್ರಾನ್ ಸಮೀಕರಣವನ್ನು ಕೊಟ್ಟ ಡಿರಾಕ್ ಅವರೇ ಮರುವರ್ಷದ ಪ್ರಬಂಧದಲ್ಲಿ, ಪರಮಾಣು ಮತ್ತು ಅಣುಗಳ ರಚನೆಗಾಗಲಿ ಸಾಮಾನ್ಯ ರಾಸಾಯನಿಕ ಕ್ರಿಯೆಗಳಿಗಾಗಲಿ ಸಾಪೇಕ್ಷತೆಯ ಪರಿಣಾಮಗಳು ಮುಖ್ಯವಲ್ಲ ಎಂಬರ್ಥದ ಮಾತು ಬರೆದರು. ಅಷ್ಟು ದೊಡ್ಡವರ ಮಾತನ್ನು ದಾಟಲು ಸಮಯ ಹಿಡಿಯಿತು. 1979ರಲ್ಲಿ ಪೆಕ್ಕ ಪ್ಯುಕ್ಕೊ ಮತ್ತು ಜಾನ್–ಪಾಲ್ ದೆಕ್ಲೊ ಅವರ ಲೇಖನ, ಅದೇ ವರ್ಷ ಕೆನೆತ್ ಪಿಟ್ಜರ್ ಅವರ ಲೇಖನ ಬಂದ ಮೇಲೆ ಇದು ಆವರ್ತಕ ಕೋಷ್ಟಕದ ಕೆಳಗಿನ ಸಾಲುಗಳ ನಿತ್ಯದ ವಿಷಯವೆಂಬ ಅರಿವು ಹರಡಿತು.

ಇನ್ನು ನಿಖರತೆಯ ಪ್ರಶ್ನೆ. ಚಿನ್ನದ ಪರಮಾಣುವಿನ ಒಟ್ಟು ಶಕ್ತಿ ಸುಮಾರು 19,000 ಹಾರ್ಟ್ರೀ. ಒಂದು ಹಾರ್ಟ್ರೀ ಎಂದರೆ ಮೋಲಿಗೆ 627.5 ಕಿಲೊಕ್ಯಾಲರಿ, ಹಾಗಾಗಿ ಒಟ್ಟು ಶಕ್ತಿ 1.2 ಕೋಟಿ ಕಿಲೊಕ್ಯಾಲರಿಯ ಹತ್ತಿರ. ನಮಗೆ ರಸಾಯನಶಾಸ್ತ್ರದಲ್ಲಿ ಬೇಕಾಗುವ ನಿಖರತೆ ಒಂದು ಕಿಲೊಕ್ಯಾಲರಿ. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, 12 ಟನ್ ತೂಗುವ ಅಡಿಕೆ ಲಾರಿಯನ್ನು ವೇ ಬ್ರಿಜ್ ಮೇಲೆ ನಿಲ್ಲಿಸಿ, ಅದರಲ್ಲಿ ಒಂದು ಗ್ರಾಮಿನ ಹೋಳು ಹೆಚ್ಚಿದೆಯೇ ಕಡಿಮೆಯಿದೆಯೇ ಎಂದು ಕೇಳಿದಂತೆ. ಆ ಲಾರಿಯಲ್ಲಿ ಸಾಪೇಕ್ಷತೆಯ ಪಾಲು ಸಾವಿರಕ್ಕೂ ಮಿಕ್ಕಿದ ಹಾರ್ಟ್ರೀ, ಅಂದರೆ 700 ಕಿಲೊದಷ್ಟು ಅಡಿಕೆ. ಅದನ್ನು ಅಂದಾಜಿನ ಸೂತ್ರದಿಂದ ತೂಗಿದಾಗ ಕೆಲವು ಕಿಲೊ ಆಚೀಚೆ ಆಗುವುದು ಖಂಡಿತ. ಹಾಗಿದ್ದೂ ಒಂದು ಗ್ರಾಮಿನ ಮಾತು ಆಡಲು ನಮಗೆ ಧೈರ್ಯ ಬರುವುದು, ಬಂಧ ಕೂಡುವಾಗ ಅಥವಾ ಮುರಿಯುವಾಗ ಒಳಗಿನ ಎಲೆಕ್ಟ್ರಾನ್‌ಗಳು ಹೆಚ್ಚುಕಡಿಮೆ ಕದಲದೆ ಇರುವುದರಿಂದ. ಒಳಭಾಗದ ತಪ್ಪು ಎಷ್ಟೇ ದೊಡ್ಡದಿರಲಿ, ಅಣುವಿನಲ್ಲಿಯೂ ಬಿಡಿ ಪರಮಾಣುವಿನಲ್ಲಿಯೂ ಅದು ಒಂದೇ ಆಗಿದ್ದು, ವ್ಯತ್ಯಾಸ ತೆಗೆದಾಗ ಕಳೆದುಹೋಗುತ್ತದೆ. ಆದ್ದರಿಂದ ಸಾಪೇಕ್ಷತೆಯ ಲೆಕ್ಕ ಎಷ್ಟು ನಿಖರ ಎಂಬ ಪ್ರಶ್ನೆಗೆ ಒಂಟಿ ಉತ್ತರವಿಲ್ಲ. ಯಾವ ಗುಣಕ್ಕೆ ನಿಖರ ಎಂದು ಕೇಳಬೇಕು. ಬಂಧದ ಉದ್ದ, ಕಂಪನದ ಆವೃತ್ತಿ, ಬಂಧದ ಶಕ್ತಿ ಮೊದಲಾದ ಹೊರಭಾಗದ ಗುಣಗಳಲ್ಲಿ ತಪ್ಪು ಕಳೆದುಹೋಗುತ್ತದೆ. ಒಳಗಿನ ಎಲೆಕ್ಟ್ರಾನನ್ನೇ ಹೊರಹಾಕುವ ಎಕ್ಸ್‌–ರೇ ಶಕ್ತಿಗಳಲ್ಲಿ, ನ್ಯೂಕ್ಲಿಯಸ್ಸಿನ ಜಾಗದಲ್ಲಿರುವ ಎಲೆಕ್ಟ್ರಾನ್ ಸಾಂದ್ರತೆಯಲ್ಲಿ ಅದು ಪೂರ್ತಿಯಾಗಿ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ಈ ಹಿನ್ನೆಲೆಯಲ್ಲಿ ನಿಮ್ಮ ಗೈಡ್ ಮತ್ತು ಗೆಳತಿಯ ವಾದವನ್ನು ನೋಡೋಣ. ಗೆಳತಿ ಹೇಳುವ ನಾಲ್ಕು ಘಟಕಗಳ ಡಿರಾಕ್–ಕೂಲಂಬ್ ಲೆಕ್ಕ ತಾತ್ವಿಕವಾಗಿ ಮೇಲಿನ ಮೆಟ್ಟಿಲಿನದು, ನಿಜ. ಆದರೆ ಅದೂ ಕೊನೆಯ ಮೆಟ್ಟಿಲಲ್ಲ. ಎಲೆಕ್ಟ್ರಾನ್‌ಗಳ ನಡುವಿನ ವಿಕರ್ಷಣೆಯನ್ನು ಅದು ಹಳೆಯ ಕೂಲಂಬ್ ನಿಯಮದಂತೆ, ತತ್‌ಕ್ಷಣದ್ದೆಂದು ಭಾವಿಸುತ್ತದೆ. ಚಲಿಸುವ ಎಲೆಕ್ಟ್ರಾನ್‌ಗಳ ಕಾಂತೀಯ ಪರಿಣಾಮ ಮತ್ತು ಪರಸ್ಪರ ಕ್ರಿಯೆಯ ವಿಳಂಬವನ್ನು ಬ್ರೈಟ್ ತಿದ್ದುಪಡಿಯಾಗಿ ಆಮೇಲೆ ಸೇರಿಸಬೇಕು. ಅದರ ಮೇಲೆ ಕ್ವಾಂಟಂ ವಿದ್ಯುತ್‌ಗತಿವಿಜ್ಞಾನದ (ಬೆಳಕು ಮತ್ತು ಎಲೆಕ್ಟ್ರಾನ್‌ಗಳ ಕ್ವಾಂಟಂ ಸಿದ್ಧಾಂತದ) ತಿದ್ದುಪಡಿಗಳಿವೆ. ಇನ್ನು ಡಗ್ಲಾಸ್–ಕ್ರೋಲ್–ಹೆಸ್, ಝೋರಾ, ಎಕ್ಸ್–2–ಸಿ ಎಂಬ ಹೆಸರಿನ ವಿಧಾನಗಳು ನಾಲ್ಕು ಘಟಕಗಳನ್ನು ಎರಡಕ್ಕೆ ಇಳಿಸಿ ಖರ್ಚು ತಗ್ಗಿಸುತ್ತವೆ. ಇವುಗಳಲ್ಲಿ ಎಕ್ಸ್–2–ಸಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು; ಒಂದು ಎಲೆಕ್ಟ್ರಾನಿನ ಮಟ್ಟದಲ್ಲಿ ಅದು ಡಿರಾಕ್ ಲೆಕ್ಕದ ಧನ ಶಕ್ತಿಯ ಉತ್ತರಗಳನ್ನು ಹಾಗೆಯೇ ಮರಳಿ ಕೊಡುತ್ತದೆ. ಎರಡನೆಯ ಕ್ರಮದ ಡಗ್ಲಾಸ್–ಕ್ರೋಲ್–ಹೆಸ್ ವಿಧಾನದಲ್ಲಿ ಚಿನ್ನದ 1ಎಸ್ ಶಕ್ತಿ ಹಾರ್ಟ್ರೀಗಳ ಲೆಕ್ಕದಲ್ಲಿಯೇ ತಪ್ಪುತ್ತದೆ, ಆದರೂ ಬಂಧದ ಉದ್ದಕ್ಕೆ ಅದರಿಂದ ಗಮನಿಸುವಷ್ಟು ತೊಂದರೆಯಿಲ್ಲ. ಝೋರಾ ವಿಧಾನದ ಮೂಲರೂಪದಲ್ಲಿ, ವಿಭವಕ್ಕೆ ಒಂದು ಸ್ಥಿರಾಂಕ ಕೂಡಿಸಿದರೆ ಶಕ್ತಿ ಅಷ್ಟೇ ಬದಲಾಗುವುದರ ಬದಲು ಬೇರೆಯಾಗಿ ಬದಲಾಗುವ ದೋಷವಿದ್ದು, ಅದಕ್ಕೆ ಕಂಡುಕೊಂಡ ಪರಿಹಾರಗಳನ್ನು ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಒಳಗೇ ಅಳವಡಿಸಿಕೊಂಡಿರುತ್ತವೆ.

ಗೈಡ್ ಹೇಳುವ ಸ್ಯೂಡೋಪೊಟೆನ್ಷಿಯಲ್ ಇವೆಲ್ಲಕ್ಕಿಂತ ಬೇರೆ ದಾರಿ ಹಿಡಿಯುತ್ತದೆ. ಚಿನ್ನದ 79 ಎಲೆಕ್ಟ್ರಾನ್‌ಗಳಲ್ಲಿ ಒಳಗಿನ 60ನ್ನು ತೆಗೆದುಹಾಕಿ, ಸಾಪೇಕ್ಷತೆ ಸೇರಿದ ಪರಮಾಣು ಲೆಕ್ಕಕ್ಕೆ ಹೊಂದುವಂತೆ ರೂಪಿಸಿದ ಒಂದು ವಿಭವವನ್ನು ಆ ಜಾಗದಲ್ಲಿ ಇಡುತ್ತದೆ. ಲೆಕ್ಕಕ್ಕೆ ಉಳಿಯುವುದು 19. ಹಳೆಯ ಕಾಲದಲ್ಲಿ 68ನ್ನು ತೆಗೆದು 11 ಮಾತ್ರ ಉಳಿಸುವ ಕ್ರಮವೂ ಇತ್ತು. ಅದನ್ನು ಬಳಸಬೇಡಿ, 5ಎಸ್ ಮತ್ತು 5ಪಿ ಎಲೆಕ್ಟ್ರಾನ್‌ಗಳು 5ಡಿ ಇರುವ ಜಾಗದಲ್ಲಿಯೇ ಹರಡಿಕೊಂಡಿರುವುದರಿಂದ ಅವನ್ನು ಹೊರಗಿಡುವುದು ಕ್ಷೇಮವಲ್ಲ. 19 ಎಲೆಕ್ಟ್ರಾನ್‌ಗಳ ಒಳ್ಳೆಯ ಸ್ಯೂಡೋಪೊಟೆನ್ಷಿಯಲ್ ಬಂಧದ ಉದ್ದಕ್ಕೆ ತರುವ ತಪ್ಪು ಸಾಮಾನ್ಯವಾಗಿ 0.01 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ. ನೀವು ಕಂಡ 0.05ರ ಎದುರು ಇದು ಚಿಲ್ಲರೆ. ಹಾಗಾಗಿ ಈ ಒಂದು ಕೆಲಸದ ಮಟ್ಟಿಗೆ ನಾನು ಗೈಡ್ ಪಕ್ಷ. ಸಣ್ಣ ಬೇಸಿಸ್ ಸೆಟ್ಟಿನಲ್ಲಿ, ಸಹಸಂಬಂಧವಿಲ್ಲದೆ ಮಾಡಿದ ನಾಲ್ಕು ಘಟಕಗಳ ಲೆಕ್ಕಕ್ಕಿಂತ ಸ್ಯೂಡೋಪೊಟೆನ್ಷಿಯಲ್ ಮೇಲೆ ಮಾಡಿದ ಕಪಲ್ಡ್ ಕ್ಲಸ್ಟರ್ ಲೆಕ್ಕ ಎಷ್ಟೋ ಮೇಲು. ಆದರೆ ನಾಳೆ ಚಿನ್ನದ ನ್ಯೂಕ್ಲಿಯಸ್ಸಿನ ಬಳಿಯ ಯಾವುದಾದರೂ ಗುಣವನ್ನು ಕೇಳಿದರೆ ಸ್ಯೂಡೋಪೊಟೆನ್ಷಿಯಲ್ ಕೈಚೆಲ್ಲುತ್ತದೆ, ಆ ಎಲೆಕ್ಟ್ರಾನ್‌ಗಳೇ ಅಲ್ಲಿ ಇಲ್ಲ.

ಒಂದು ಎಚ್ಚರಿಕೆಯನ್ನು ಸ್ವಂತ ಪೆಟ್ಟಿನಿಂದ ಹೇಳುತ್ತೇನೆ. ಸಂಶೋಧನೆಯ ದಿನಗಳಲ್ಲಿ ನಾನು ಡಗ್ಲಾಸ್–ಕ್ರೋಲ್–ಹೆಸ್ ಆಯ್ಕೆಯನ್ನು ಹಾಕಿ, ಸಾಪೇಕ್ಷತೆ ಇಲ್ಲದ ಪರಮಾಣುವಿಗಾಗಿ ಗಂಟುಕಟ್ಟಿದ ಬೇಸಿಸ್ ಸೆಟ್ಟನ್ನೇ ಅದರೊಂದಿಗೆ ಓಡಿಸಿದೆ. ಪ್ರೋಗ್ರಾಮ್ ಯಾವ ದೂರನ್ನೂ ಹೇಳದೆ ಅಂಕಿಗಳನ್ನು ಕೊಟ್ಟಿತು. ಕುಗ್ಗಬೇಕಾದ ಎಸ್ ಕಕ್ಷಕಗಳಿಗೆ ಕುಗ್ಗಲು ಜಾಗವೇ ಇಲ್ಲದಂತೆ ನಾನು ಕಟ್ಟಿಹಾಕಿದ್ದೆ ಎಂಬುದು ತಿಳಿಯಲು ಎರಡು ವಾರ ಬೇಕಾಯಿತು. ಸ್ಯೂಡೋಪೊಟೆನ್ಷಿಯಲ್ ಇರುವ ಪರಮಾಣುವಿಗೆ ಮೇಲಿಂದ ಡಗ್ಲಾಸ್–ಕ್ರೋಲ್–ಹೆಸ್ ಹಾಕುವುದು ಇದೇ ಜಾತಿಯ ಇನ್ನೊಂದು ತಪ್ಪು, ಅಲ್ಲಿ ಸಾಪೇಕ್ಷತೆಯನ್ನು ಎರಡು ಸಲ ಎಣಿಸಲು ಹೊರಟಂತಾಗುತ್ತದೆ. ನಿಮ್ಮ ಇನ್‌ಪುಟ್ ಕಡತದಲ್ಲಿ ಹ್ಯಾಮಿಲ್ಟೋನಿಯನ್ (ಶಕ್ತಿಯನ್ನು ಲೆಕ್ಕ ಹಾಕುವ ಸೂತ್ರ) ಮತ್ತು ಬೇಸಿಸ್ ಸೆಟ್ ಒಂದಕ್ಕೊಂದು ಜೋಡಿಯೇ ಎಂಬುದನ್ನು ಮೊದಲು ಪರೀಕ್ಷಿಸಿ. ನಾನು ಕಂಡ ಕೆಟ್ಟ ಅಂಕಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಸಿದ್ಧಾಂತದಿಂದಲ್ಲ, ಇಂಥ ಬೆಸುಗೆ ತಪ್ಪಿದ್ದರಿಂದ.

ಎಲ್ಲವನ್ನೂ ಸರಿಯಾಗಿ ಮಾಡಿದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒರೆಗಲ್ಲಾಗಿ ಚಿನ್ನದ ಪರಮಾಣುವನ್ನೇ ತೆಗೆದುಕೊಳ್ಳಬಹುದು. ಅದರ ಅಯಾನೀಕರಣ ಶಕ್ತಿ ಪ್ರಯೋಗದಲ್ಲಿ 9.2255 ಎಲೆಕ್ಟ್ರಾನ್ ವೋಲ್ಟ್. ಇದರಲ್ಲಿ ಸಾಪೇಕ್ಷತೆಯ ಪಾಲು 2 ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸು. ಡಿರಾಕ್–ಕೂಲಂಬ್ ಹ್ಯಾಮಿಲ್ಟೋನಿಯನ್ ಮೇಲೆ ಉತ್ತಮ ಕಪಲ್ಡ್ ಕ್ಲಸ್ಟರ್ ಲೆಕ್ಕ ಮಾಡಿದರೂ ಎಲೆಕ್ಟ್ರಾನ್ ವೋಲ್ಟ್‌ನ ನೂರನೆಯ ಭಾಗಗಳ ಮಟ್ಟದಲ್ಲಿ ಒಂದು ಅಂತರ ಬಹುಕಾಲ ಉಳಿದುಕೊಂಡಿತ್ತು. 2017ರಲ್ಲಿ ಪಾಷ್ಟೇಕ, ಎಲಿಯಾವ್, ಬೊರ್ಷೆವ್‌ಸ್ಕಿ, ಕಾಲ್ಡರ್ ಮತ್ತು ಶ್ವೆರ್ಟ್‌ಫೆಗರ್ ಅವರು ಬ್ರೈಟ್ ತಿದ್ದುಪಡಿ, ಕ್ವಾಂಟಂ ವಿದ್ಯುತ್‌ಗತಿವಿಜ್ಞಾನದ ತಿದ್ದುಪಡಿ, ಜೊತೆಗೆ ಒಮ್ಮೆಗೆ ಐದು ಎಲೆಕ್ಟ್ರಾನ್‌ಗಳವರೆಗಿನ ಉದ್ರೇಕಗಳನ್ನು ಸೇರಿಸಿ, ಅಯಾನೀಕರಣ ಶಕ್ತಿ ಮತ್ತು ಎಲೆಕ್ಟ್ರಾನ್ ಒಲವು ಎರಡನ್ನೂ ಪ್ರಯೋಗದಿಂದ ಕೆಲವೇ ಮಿಲಿ ಎಲೆಕ್ಟ್ರಾನ್ ವೋಲ್ಟ್‌ಗಳ ಒಳಕ್ಕೆ ತಂದರು. ಆ ಕೊನೆಯ ಅಂತರವನ್ನು ಮುಚ್ಚಲು ಸಹಸಂಬಂಧವೂ ಬೇಕಾಯಿತು, ಸಾಪೇಕ್ಷತೆಯ ಆಚೆಗಿನ ಭೌತಶಾಸ್ತ್ರವೂ ಬೇಕಾಯಿತು. ಹೊರಗಿನ ಎಸ್ ಎಲೆಕ್ಟ್ರಾನಿನಲ್ಲಿ ವಿದ್ಯುತ್‌ಗತಿವಿಜ್ಞಾನದ ಪಾಲು ಸಾಪೇಕ್ಷತೆಯ ಪಾಲಿನ ಸುಮಾರು ಒಂದು ಶೇಕಡಾ, ಅದೂ ವಿರುದ್ಧ ದಿಕ್ಕಿನಲ್ಲಿ ಎಂಬ ಪ್ಯುಕ್ಕೊ ಅವರ ಹೆಬ್ಬೆರಳಿನ ಲೆಕ್ಕವನ್ನು ನೆನಪಿಡಿ. ನಿಮ್ಮ ಸಹಸಂಬಂಧದ ತಪ್ಪೇ ಅದಕ್ಕಿಂತ ಹತ್ತು ಪಟ್ಟು ಇರುವಾಗ ಅತ್ತ ಕಣ್ಣು ಹಾಯಿಸಬೇಕಾಗಿಲ್ಲ.

ಸಾಪೇಕ್ಷತೆಯ ಪಾಲು ಒಟ್ಟು ಅಂಕಿಗಿಂತ ಹೆಚ್ಚು ಭದ್ರವಾಗಿರುವ ಸಂದರ್ಭಗಳೂ ಇವೆ. ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ಮನೆಗಳಲ್ಲಿ ಕರೆಂಟು ಹೋದಾಗ ದೀಪ ಉರಿಸುವ ಇನ್ವರ್ಟರ್ ಬ್ಯಾಟರಿಯನ್ನೇ ನೋಡಿ. ಸೀಸ–ಆಮ್ಲದ ಒಂದು ಕೋಶದ ವೋಲ್ಟೇಜ್ 2.11; 2011ರಲ್ಲಿ ಅಹುಜಾ, ಪ್ಯುಕ್ಕೊ ಮತ್ತು ಸಂಗಡಿಗರು ಹಲವು ಬಗೆಯ ಡೆನ್ಸಿಟಿ ಫಂಕ್ಷನಲ್‌ಗಳಿಂದ (ಎಲೆಕ್ಟ್ರಾನ್ ಸಾಂದ್ರತೆಯಿಂದ ಶಕ್ತಿಯನ್ನು ಕೊಡುವ ಸೂತ್ರಗಳಿಂದ) ಲೆಕ್ಕ ಹಾಕಿದಾಗ ಸರಾಸರಿ 2.13 ಬಂತು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು, ಇದರಲ್ಲಿ 1.7ರಿಂದ 1.8 ವೋಲ್ಟ್ ಸಾಪೇಕ್ಷತೆಯಿಂದ ಬಂದದ್ದೆಂಬುದರಲ್ಲಿ ಆ ಲೆಕ್ಕಗಳೆಲ್ಲವೂ ಒಮ್ಮತದಲ್ಲಿದ್ದವು ಎಂಬುದು. ಪಾದರಸದ ಕಥೆ ಅಷ್ಟು ಅಚ್ಚುಕಟ್ಟಲ್ಲ: 2013ರ ಲೆಕ್ಕದಲ್ಲಿ ಸಾಪೇಕ್ಷತೆ ಅದರ ಕರಗುವ ಉಷ್ಣತೆಯನ್ನು 355ರಿಂದ 250 ಕೆಲ್ವಿನ್‌ಗೆ ಇಳಿಸಿತು, ನಿಜವಾದದ್ದು 234. ಕಾರಣ ಸ್ಪಷ್ಟವಾಯಿತು, ಅಂಕಿ ಪೂರ್ತಿ ಕೂಡಲಿಲ್ಲ.

ಈಗ ನಿಮ್ಮ ಬ್ರೋಮಿನ್ ಮತ್ತು ಅಯೋಡಿನ್. ಇಲ್ಲಿ ಚಿನ್ನದಂತೆ ಕುಗ್ಗುವಿಕೆಯ ಪ್ರಶ್ನೆಗಿಂತ ಸ್ಪಿನ್–ಕಕ್ಷೆ ಪರಸ್ಪರ ಕ್ರಿಯೆಯ, ಅಂದರೆ ಎಲೆಕ್ಟ್ರಾನಿನ ಸ್ಪಿನ್ ಮತ್ತು ಅದರ ಕಕ್ಷೆಯ ಚಲನೆ ಒಂದನ್ನೊಂದು ತಟ್ಟುವುದರ, ಪ್ರಶ್ನೆ ದೊಡ್ಡದು. ಮತ್ತು ಸಾಮಾನ್ಯ ಆಯ್ಕೆಗಳಲ್ಲಿ ಮಾಡುವ ಸ್ಕೇಲಾರ್ ಲೆಕ್ಕ ಇದನ್ನೇ ಬಿಟ್ಟುಬಿಡುತ್ತದೆ. ಬಿಡಿ ಅಯೋಡಿನ್ ಪರಮಾಣುವಿನ ನೆಲಮಟ್ಟ ಸ್ಪಿನ್–ಕಕ್ಷೆಯಿಂದ ಎರಡಾಗಿ ಸೀಳುತ್ತದೆ. ನಡುವಿನ ಅಂತರ ಸೆಂಟಿಮೀಟರಿಗೆ 7,603 ತರಂಗಗಳಷ್ಟು. ಕೆಳಗಿನದರಲ್ಲಿ ನಾಲ್ಕು ಸ್ಥಿತಿಗಳು, ಮೇಲಿನದರಲ್ಲಿ ಎರಡು. ಸ್ಪಿನ್–ಕಕ್ಷೆ ಇಲ್ಲದ ಲೆಕ್ಕ ಕೊಡುವುದು ಇವುಗಳ ತೂಕದ ಸರಾಸರಿಯನ್ನು. ಅದು ಕೆಳಗಿನ ಮಟ್ಟಕ್ಕಿಂತ ಆ ಅಂತರದ ಮೂರನೆಯ ಒಂದು ಭಾಗ, ಅಂದರೆ ಮೋಲಿಗೆ ಸುಮಾರು 7.2 ಕಿಲೊಕ್ಯಾಲರಿ ಮೇಲಿದೆ. ಅಯೋಡಿನ್ ಅಣು ಒಡೆದಾಗ ಇಂಥ ಎರಡು ಪರಮಾಣುಗಳು ಹುಟ್ಟುತ್ತವೆ, ತಪ್ಪು 14ರ ಮೇಲೆ ಹೋಯಿತು. ಆ ಬಂಧದ ನಿಜವಾದ ಶಕ್ತಿಯೇ 35.6. ಬೇರೆಲ್ಲ ರೀತಿಯಲ್ಲಿ ಪರಿಪೂರ್ಣವಾದ ಲೆಕ್ಕವೂ ಸ್ಪಿನ್–ಕಕ್ಷೆಯನ್ನು ಬಿಟ್ಟರೆ 50ರ ಹತ್ತಿರದ ಬೆಲೆ ಕೊಡುತ್ತದೆ; ಅಣುವೂ ಸ್ಪಿನ್–ಕಕ್ಷೆಯಿಂದ ತುಸು ಕೆಳಗಿಳಿಯುವುದರಿಂದ ಅದಕ್ಕಿಂತ ಸ್ವಲ್ಪ ಕಡಿಮೆ ಎನ್ನೋಣ. ಕ್ಲೋರಿನ್‌ಗೆ ಇದೇ ತಿದ್ದುಪಡಿ ಪರಮಾಣುವೊಂದಕ್ಕೆ 0.84, ಬ್ರೋಮಿನ್‌ಗೆ 3.5. ಹೀಗಾಗಿ ಕ್ಲೋರಿನ್‌ನಲ್ಲಿ ನಿಮ್ಮ ಇತರ ತಪ್ಪುಗಳ ನಡುವೆ ಅದು ಮರೆಯಾಗಬಹುದು, ಬ್ರೋಮಿನ್‌ನಲ್ಲಿ ಮರೆಯಾಗದು.

ಇದನ್ನು ಸರಿಪಡಿಸಲು ದೊಡ್ಡ ಕಂಪ್ಯೂಟರ್ ಬೇಕಾಗಿಲ್ಲ ಎಂಬುದು ಸಂತೋಷದ ವಿಷಯ. ಬಂಧ ಮುರಿದಾಗ ಬಿಡಿ ಹ್ಯಾಲೊಜನ್ ಪರಮಾಣು ಹುಟ್ಟುವ ಲೆಕ್ಕಗಳಲ್ಲಿ, ಪ್ರಯೋಗದಲ್ಲಿ ಅಳೆದ ಸೀಳಿಕೆಯಿಂದ ಮೇಲಿನಂತೆ ತಿದ್ದುಪಡಿಯನ್ನು ಕಾಗದದ ಮೇಲೆಯೇ ಮಾಡಬಹುದು. ಎನ್.ಎಂ.ಆರ್. (ನ್ಯೂಕ್ಲಿಯಸ್‌ಗಳ ಕಾಂತೀಯ ಅನುರಣನ) ಸ್ಥಾನಾಂತರ ಬೇಕಾದರೆ ಮಾತ್ರ ಹೀಗೆ ಪಾರಾಗಲು ಸಾಧ್ಯವಿಲ್ಲ. ಅಯೋಡಿನ್‌ಗೆ ಅಂಟಿದ ಇಂಗಾಲದ ಸಂಕೇತವನ್ನೇ ಸ್ಪಿನ್–ಕಕ್ಷೆ ದೂರಕ್ಕೆ ತಳ್ಳುತ್ತದೆ, ನಾಲ್ಕು ಅಯೋಡಿನ್ ಇರುವ ಕಾರ್ಬನ್ ಟೆಟ್ರಾಅಯೋಡೈಡ್‌ನಲ್ಲಿ ಅದು ಸೊನ್ನೆಯಿಂದ ಕೆಳಗೆ 290 ಪಿ.ಪಿ.ಎಂ. ಆಸುಪಾಸಿಗೆ ಹೋಗಿ ಕುಳಿತಿದೆ. ಅಂಥ ಕೆಲಸಕ್ಕೆ ಸ್ಪಿನ್–ಕಕ್ಷೆ ಸೇರಿದ ಝೋರಾ ಅಥವಾ ಎಕ್ಸ್–2–ಸಿ ಲೆಕ್ಕವೇ ಬೇಕು.

ಇನ್ನೊಂದು ಬಲೆಯನ್ನು ಹೇಳಿಬಿಡುತ್ತೇನೆ. ಕಾರ್ಲ್ಸ್‌ರೂಹೆಯ ಡೆಫ್–2 ಬೇಸಿಸ್ ಸೆಟ್‌ಗಳನ್ನು ನೀವು ಬಳಸುವವರಾದರೆ, ಅವು ಅಯೋಡಿನ್‌ಗೆ 28 ಎಲೆಕ್ಟ್ರಾನ್‌ಗಳ ಜಾಗದಲ್ಲಿ ಸ್ಯೂಡೋಪೊಟೆನ್ಷಿಯಲ್ ಇಡುತ್ತವೆ, ಬ್ರೋಮಿನ್‌ಗೆ ಎಲ್ಲ 35 ಎಲೆಕ್ಟ್ರಾನ್‌ಗಳನ್ನೂ ಇಟ್ಟುಕೊಳ್ಳುತ್ತವೆ. ಅಂದರೆ ನೀವು ಏನನ್ನೂ ಕೇಳದೆಯೇ ಅಯೋಡಿನ್‌ನಲ್ಲಿ ಸ್ಕೇಲಾರ್ ಸಾಪೇಕ್ಷತೆ ಒಳಗೆ ಬಂದಿರುತ್ತದೆ, ಬ್ರೋಮಿನ್‌ನಲ್ಲಿ ಬಂದಿರುವುದಿಲ್ಲ. ಒಂದೇ ಕೋಷ್ಟಕದಲ್ಲಿ ಎರಡನ್ನೂ ಹೋಲಿಸುವಾಗ ಈ ಅಸಮತೆಯನ್ನು ಅಡಿಟಿಪ್ಪಣಿಯಲ್ಲಾದರೂ ಹೇಳಿ.

ನಿಮ್ಮ ಕಂಪ್ಯೂಟರಿನಲ್ಲಿ ನಾನು ಮಾಡುತ್ತಿದ್ದ ಕ್ರಮ ಹೀಗಿರುತ್ತಿತ್ತು. ಗೋಲ್ಡ್ ಹೈಡ್ರೈಡ್‌ಗೆ 19 ಎಲೆಕ್ಟ್ರಾನ್‌ಗಳ ಸ್ಯೂಡೋಪೊಟೆನ್ಷಿಯಲ್ ಇಟ್ಟು, ಕಪಲ್ಡ್ ಕ್ಲಸ್ಟರ್ ಲೆಕ್ಕವನ್ನು ಏರುತ್ತಿರುವ ಎರಡು ಬೇಸಿಸ್ ಸೆಟ್‌ಗಳಲ್ಲಿ ಮಾಡಿ, ಬಂಧದ ಉದ್ದ ಎಷ್ಟು ಕದಲುತ್ತದೆ ಎಂದು ನೋಡುತ್ತಿದ್ದೆ. ಆಮೇಲೆ ಒಂದು ಸಲ ಮಾತ್ರ, ಅದಕ್ಕೆಂದೇ ರೂಪಿಸಿದ ಬೇಸಿಸ್ ಸೆಟ್ಟಿನೊಂದಿಗೆ ಸ್ಕೇಲಾರ್ ಎಕ್ಸ್–2–ಸಿ ಲೆಕ್ಕವನ್ನು ಮಾಡಿ ಎರಡನ್ನೂ ಒರೆಗೆ ಹಚ್ಚುತ್ತಿದ್ದೆ, ಅವು 0.01 ಆಂಗ್‌ಸ್ಟ್ರಾಮ್ ಒಳಗೆ ಕೂಡಿದರೆ ಸಾಪೇಕ್ಷತೆಯ ಬಗ್ಗೆ ಮತ್ತೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಅಗ್ಗದ ಯಾವುದೋ ಫಂಕ್ಷನಲ್ ಸಣ್ಣ ಬೇಸಿಸ್ ಸೆಟ್ಟಿನಲ್ಲಿ ನೇರವಾಗಿ 1.52 ಕೊಟ್ಟರೆ ಅದನ್ನು ಗೆಲುವೆಂದು ಬರೆಯಬೇಡಿ. ಬೇಸಿಸ್ ಸೆಟ್ ದೊಡ್ಡದು ಮಾಡಿದಾಗಲೂ ಆ ಅಂಕಿ ನಿಲ್ಲುತ್ತದೆಯೇ ಎಂದು ನೋಡಿ. ಅಯೋಡಿನ್‌ನ ಸಾಲಿಗೆ ಬಂದಾಗ, ಬಂಧದ ಶಕ್ತಿಯಿಂದ ಪರಮಾಣುವೊಂದಕ್ಕೆ 7.2ರಂತೆ ಕೈಯಾರೆ ಕಳೆಯಲು ಮರೆಯಬೇಡಿ.